ಹೆಸರಿನ ಹಬ್ಬದ ಅತಿಥಿ

ಫನೂರಿಸನ ಮನೆಯ ಗೇಟು ಹಾರು ಹೊಡೆದಿತ್ತು. ಮಿಲ್ಟೋಸ್ ಆ ದಿನವನ್ನೇ ಆರಿಸಿಕೊಂಡು ಬಂದಿದ್ದೂ ಅದಕ್ಕೇ. ಫನೂರಿಯೋಸ್ ಸಂತನ ದಿನ, ಆ ಹೆಸರಿಟ್ಟುಕೊಂಡವರೆಲ್ಲ ನಮ್ಮ ದ್ವೀಪದಲ್ಲಿ ತಮ್ಮ ಹೆಸರಿನ ಹಬ್ಬವೆಂದು ಬಾಗಿಲು ತೆರೆದು ಕೂರುತ್ತಾರೆ. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹೊರಗೆ ನಿಲ್ಲಿಸುವುದೂ ಇಲ್ಲ. ಹಳೆಯ ಗೆಳೆಯ ಮುಖದ ಮೇಲೆ ಬಾಗಿಲು ಹಾಕಿದರೇನು ಗತಿ ಎಂದು ಹೆದರಿದ್ದ ಮಿಲ್ಟೋಸ್, ದೂರದ ಬಂದರು ಪಟ್ಟಣ ಪಿರೇಯಸ್ಸಿನಲ್ಲಿ ಕೂತು ಕ್ಯಾಲೆಂಡರ್ ತಿರುವಿ ಈ ಉಪಾಯ ಹುಡುಕಿದ್ದ. ಮಧ್ಯಾಹ್ನದ ಹಡಗಿನಿಂದ ಇಳಿದು, ರಿಬ್ಬನ್ ಕಟ್ಟಿದ ಸಿಹಿಯ ಡಬ್ಬಿ ಹಿಡಿದು ಬಂದಿದ್ದ. ಬುದ್ಧಿವಂತ, ಏನು ಹೇಳೋಣ.

ಹೆದರಿಕೆಗೆ ಕಾರಣವಿತ್ತು. ಇಬ್ಬರೂ ಸೇರಿ ಒಂದೇ ಮರದ ದೋಣಿಯಲ್ಲಿ ಅರ್ಧ ಆಯುಷ್ಯ ಮೀನು ಹಿಡಿದವರು. ಹಳೆಯ ದೋಣಿ ಒಡೆಸಿ ಕಸುಬು ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದಾಗ, ಬೇಡ ಬೇಡ ಎನ್ನುತ್ತಿದ್ದ ಫನೂರಿಸನ ತಲೆ ತಿಂದು ಸಹಿ ಹಾಕಿಸಿದವನು ಮಿಲ್ಟೋಸ್. ಒಡೆಯುವ ದಿನ ಇಬ್ಬರೂ ದೋಣಿಯ ಪಕ್ಕದಲ್ಲಿ ನಿಲ್ಲಬೇಕು ಎಂದು ಮಾತಾಗಿತ್ತು. ದಂಡೆಗೆ ಯಂತ್ರ ಬಂದು ದೋಣಿಯ ಬೆನ್ನು ಮುರಿಯುವ ಹೊತ್ತಿಗೆ ಮಿಲ್ಟೋಸ್ ಬೆಳಗಿನ ಹಡಗು ಹತ್ತಿಬಿಟ್ಟಿದ್ದ. ನೋಡುವ ಧೈರ್ಯ ಅವನಿಗಿರಲಿಲ್ಲ. ಫನೂರಿಸ್ ಒಬ್ಬನೇ ನಿಂತು ನೋಡಿದ. ಆಮೇಲೆ ಮಿಲ್ಟೋಸ್ ಊರ ಕಡೆ ತಲೆ ಹಾಕಲೇ ಇಲ್ಲ. ಬರಲು ನಾಚಿಕೆ, ತಡವಾದಷ್ಟೂ ಇನ್ನಷ್ಟು ನಾಚಿಕೆ. ಹೀಗೇ ವರ್ಷಗಳು ಉರುಳಿದವು.

ಬಾಗಿಲಿಗೆ ಫನೂರಿಸನೇ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಮಿಲ್ಟೋಸನನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ಒಳಗೆ ಜನ ಕೂತಿದ್ದರು. ಬಾಯಿ ಮುಚ್ಚಿ ಕೈ ಚಾಚಿದ.

"ನೂರು ಕಾಲ ಬಾಳು ಕಣೋ," ಎಂದ ಮಿಲ್ಟೋಸ್, ಹಬ್ಬಕ್ಕೆ ಎಲ್ಲರೂ ಹರಸುವ ಹಾಗೆ.

"ದೂರದಿಂದ ಬಂದಿದ್ದೀರಿ, ಸಂತೋಷ. ಬನ್ನಿ, ಕೂತ್ಕೊಳ್ಳಿ," ಎಂದು ಫನೂರಿಸ್ ಕಿಟಕಿ ಪಕ್ಕದ ಮೆತ್ತೆಯ ಕುರ್ಚಿ ತೋರಿಸಿದ.

ಆ ಕುರ್ಚಿಯಲ್ಲಿ ಮಿಲ್ಟೋಸ್ ಯಾವತ್ತೂ ಕೂತವನಲ್ಲ. ಅದು ಪಾದ್ರಿಗೆ, ಡಾಕ್ಟರಿಗೆ. ಅವನು ಹಿತ್ತಿಲ ಬಾಗಿಲಿಂದ ನುಗ್ಗಿ, ಬಾಣಲೆಗೇ ಕೈ ಹಾಕಿ ಮೀನು ಎತ್ತಿಕೊಂಡು ತಿನ್ನುತ್ತಿದ್ದವನು. ಈಗ ಅವನ ಮುಂದೆ ತಟ್ಟೆ ಬಂತು. ಗಾಜಿನ ಪುಟ್ಟ ಬಟ್ಟಲಲ್ಲಿ ಚೆರ್ರಿ ಹಣ್ಣಿನ ಪಾಕ, ಪಕ್ಕದಲ್ಲಿ ತಣ್ಣೀರು. ಎಲ್ಲರಿಗೂ ಕೊಟ್ಟಷ್ಟೇ ಮರ್ಯಾದೆ, ಒಂದು ಚೂರೂ ಕಡಿಮೆಯಿಲ್ಲ.

"ಏನೋ ಮಿಲ್ಟೋಸ್," ಎಂದಳು ನೆರೆಮನೆಯ ಸೆವಾಸ್ತಿ ಅಜ್ಜಿ, "ಪಿರೇಯಸ್ ನೀರು ಚೆನ್ನಾಗಿ ಹಿಡಿಸಿದೆ. ಮೊದ್ಲು ಹೊಟ್ಟೆ ಒಳಗ್ಬಂತು, ಹಿಂದಿನಿಂದ ನೀನು ಬಂದೆ."

ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಮಿಲ್ಟೋಸ್ ಗೆಳೆಯನ ಕಡೆ ಬಾಗಿದ. "ಫನೂರಿ, ಆವತ್ತು ನಾನು ನಿನ್ನ ಜೊತೆ ನಿಲ್ಬೇಕಿತ್ತು..."

"ಪಾಕ ಇನ್ನೊಂದು ಚಮಚ ಹಾಕ್ಲಾ? ಸಂಕೋಚ ಮಾಡ್ಕೋಬೇಡಿ," ಎಂದು ಫನೂರಿಸ್ ಬೇರೆ ನೆಂಟರತ್ತ ಹೊರಟುಹೋದ.

ಮಿಲ್ಟೋಸ್ ಎದ್ದು ಅಡುಗೆಮನೆಗೆ ಹೋದ. ಫನೂರಿಸನ ಹೆಂಡತಿ ಕಲ್ಲಿಯೋಪಿ ಲೋಟ ಒರೆಸುತ್ತಿದ್ದಳು. "ಅವನಿಗೆ ನನ್ನ ಮೇಲೆ ಇನ್ನೂ ಅಷ್ಟು ಸಿಟ್ಟಾ?" ಎಂದು ಕೇಳಿದ.

"ಸಿಟ್ಟು ತೋರಿಸಿದ್ರೆ ಚೆನ್ನಾಗಿತ್ತು," ಎಂದಳು ಅವಳು, ತಲೆ ಎತ್ತದೆ. "ಹಡಗು ಬಂದಾಗಲೆಲ್ಲ ಇವರು ದಂಡೆಗೆ ಹೋಗಿ ನಿಲ್ಲೋರು. ಆ ಪಾಪಿ ಇಳೀಲಿ, ಎಲ್ಲರೆದುರಿಗೆ ಎರಡು ಬಾರಿಸ್ತೀನಿ, ಆಮೇಲೆ ಮನೆಗೆ ಕರ್ಕೊಂಡು ಬರ್ತೀನಿ, ನೀನು ಮೀನು ಹುರಿದಿಡು ಅನ್ನೋರು. ಎಷ್ಟು ಸಲ ಹುರಿದಿಟ್ಟಿದ್ದೀನೋ. ಇವತ್ತೊಂದಿನ ಮನೇಲಿ ಕೂರ್ಬೇಕಲ್ಲ, ಹೋಗ್ಲಿಲ್ಲ. ನೀನು ಇವತ್ತೇ ಬರ್ಬೇಕಿತ್ತಾ?"

ಮಿಲ್ಟೋಸ್ ಅವಳ ಹತ್ತಿರ ಸರಿದ. "ನಾಳೆ ಬರ್ತೀನಿ. ಹೊಡೀಲಿ."

"ಏನಂತ ಹೊಡೀತಾರೆ? ಹಬ್ಬದ ದಿನ ಕೈ ಕುಲುಕಿ ಆಯ್ತು, ಮನೆ ಸಿಹಿ ತಿಂದೂ ಆಯ್ತು. ಜಗಳ ಅಲ್ಲಿಗೆ ಮುಗೀತು ಅಂತ ಊರೇ ಒಪ್ಪಿಕೊಂಡ ಹಾಗೆ. ಇಷ್ಟು ವರ್ಷ ಎದೇಲಿ ಇಟ್ಕೊಂಡಿದ್ದನ್ನ ಅವರು ಇನ್ನು ಯಾರ ಮುಂದೆ ಆಡ್ಬೇಕು?"

ಅವನು ಹಿತ್ತಿಲ ಬಾಗಿಲನ್ನು ನೋಡುತ್ತ ನಿಂತ. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡಿದ್ದರೆ ಅದನ್ನು ಬಡಿಯುತ್ತಲಾದರೂ ಕೂರಬಹುದಿತ್ತು. ಗೆಳೆಯ ಹೊಡೆಯುತ್ತಿದ್ದ, ತಾನು ಅಳುತ್ತಿದ್ದ, ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ತನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದುಕೊಂಡ.

ನೆಂಟರೆಲ್ಲ ಎದ್ದರು. ಒಬ್ಬೊಬ್ಬರನ್ನೂ ಕಳಿಸಿಕೊಡುತ್ತಿದ್ದ ಫನೂರಿಸ್ ಕೊನೆಗೆ ಮಿಲ್ಟೋಸನ ಜೊತೆಯೂ ಗೇಟಿನ ತನಕ ನಡೆದು ಬಂದ. ಮಿಲ್ಟೋಸ್ ಅವನ ತೋಳು ಹಿಡಿದುಕೊಂಡ.

"ಒಂದೇ ಒಂದ್ಸಲ ಬೈಯೋ, ಫನೂರಿ. ಹೇಡಿ ಅನ್ನು. ಮೋಸಗಾರ ಅನ್ನು. ಏನಾದ್ರೂ ಅನ್ನು."

ಫನೂರಿಸನ ಗಲ್ಲ ನಡುಗಿತು. ಅವನಿಗೂ ಬೇಕಾಗಿದ್ದುದು ಅದೇ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಅವನು ತೋಳಿನ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

"ಹಬ್ಬಕ್ಕೆ ಬಂದೋರನ್ನ ಯಾರಾದ್ರೂ ಬೈತಾರಾ?" ಎಂದ. "ಮುಂದಿನ ವರ್ಷಾನೂ ಬನ್ನಿ. ಇದೇ ದಿನ."