ಮೊದಲ ತುಂಡು

"ಉಗುಳು! ಉಗುಳು ಪುತಾ!"

ಗ್ಲೆನ್ ಕುರ್ಚಿಗಳನ್ನು ದೂಡಿಕೊಂಡು ಓಡಿ ಬಂದು ಮಗಳ ಬಾಯಿಗೆ ಬೆರಳು ಹಾಕಿದ. ಆಗಲೇ ತಡವಾಗಿತ್ತು. ಆಂಡ್ರಿಯಾ ನುಂಗಿಬಿಟ್ಟಿದ್ದಳು. ಬಿಳಿ ಫ್ರಾಕಿನ ಎದೆಯ ಮೇಲೆ ಕ್ರೀಮಿನ ಒಂದು ಚುಕ್ಕೆ. ಬಿಜೈ ಬಡಾವಣೆಯ ಅವನ ಮನೆಯಂಗಳದ ಶಾಮಿಯಾನದಡಿ ಐವತ್ತು ಜನರ ಮಾತು ಒಮ್ಮೆಗೇ ನಿಂತಿತು.

ಎಂಟು ವರ್ಷದ ಆಂಡ್ರಿಯಾಗೆ ಅಂದು ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಯ ಕೈಯಿಂದ ಪ್ರಥಮ ಪರಮಪ್ರಸಾದ ಆಗಿತ್ತು. ಊಟಕ್ಕೆ ಮೊದಲು ಕೇಕು. ಮೇಜಿನ ಮೇಲೆ ಎರಡು ಕೇಕು ಇದ್ದವು. ನೆಂಟರಿಗೆ ಬೆಣ್ಣೆ, ಕ್ರೀಮು ಹಾಕಿದ ದೊಡ್ಡದು. ಪಕ್ಕದಲ್ಲಿ ಗ್ಲೆನ್ ತಾನೇ ತೆಂಗಿನ ಹಾಲು ಹಿಂಡಿ ಮಾಡಿದ ಚಿಕ್ಕದು. ಹಾಲು, ಬೆಣ್ಣೆ, ತುಪ್ಪ ಯಾವುದೂ ಮಗಳಿಗೆ ಆಗುವುದಿಲ್ಲವೆಂದು ಬಂದವರಿಗೆಲ್ಲ ಅವನು ಬಾಗಿಲಲ್ಲೇ ನಿಂತು ಹೇಳಿದ್ದ.

ಫೋಟೋದವನು ಚಿಕ್ಕದನ್ನು ನೋಡಿ ಮೂಗು ಮುರಿದಿದ್ದ. "ದೊಡ್ಡದನ್ನು ಕಟ್ ಮಾಡಿಸಿ, ಫೋಟೋಗೆ ಚೆಂದ." ಮಗಳು ದೊಡ್ಡದನ್ನೇ ಕತ್ತರಿಸಿದಳು. ಕತ್ತರಿಸಿದ ಮೊದಲ ತುಂಡನ್ನು ಮನೆಯ ಹಿರಿಯರು ಮಗುವಿನ ಬಾಯಿಗಿಡುವುದು ವಾಡಿಕೆ. ಅಜ್ಜಿ, ಗ್ಲೆನ್‌ನ ಅತ್ತೆ ವಿನಿಫ್ರೆಡ್ ಇಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಯ್ಯೋ ಜೆಜು, ಎಂತ ಮಾಡಿಬಿಟ್ಟೆ ನಾನು! ಕೈ ತಾನಾಗಿ ಹೋಯಿತು ಗ್ಲೆನ್."

"ತಾನಾಗಿ ಹೋಗಲಿಲ್ಲ ಮಾಂಯ್, ನೀವು ಕಳಿಸಿದ್ದು." ಗ್ಲೆನ್ ಅತ್ತೆಯ ಕಡೆ ತಿರುಗಿದ. "ಆಗ್ತದಾ ಇಲ್ಲವಾ ಅಂತ ಪರೀಕ್ಷೆ ಮಾಡಿದ್ದಲ್ಲವಾ? ನನ್ನ ಮಗಳ ಮೇಲೆ?"

ಅತ್ತೆಯ ಆಸೆ ಅವನಿಗೆ ಗೊತ್ತಿತ್ತು. ಅವನ ಹೆಂಡತಿ ಟಾನ್ಯಾ ಕುವೈತಿನಲ್ಲಿ ನರ್ಸ್. ಮಗಳಿಗೆ ಎರಡು ವರ್ಷವಿದ್ದಾಗ ಹೋದವಳು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದಳು; ಈ ಸಲ ಇದಕ್ಕೆಂದೇ ಬಂದಿದ್ದಳು. ಅಲರ್ಜಿ ಹೋದ ದಿನ ಆಂಡ್ರಿಯಾ ಅಮ್ಮನ ಬಳಿಗೆ ಹೋಗಬೇಕು ಎಂದು ಆಗಲೇ ತೀರ್ಮಾನವಾಗಿತ್ತು. ಡ್ಯೂಟಿಯ ನಡುವೆ ಅಲ್ಲಿ ಅವಳಿಗೆಂದೇ ಬೇರೆ ಅಡುಗೆ ಮಾಡುವವರು ಯಾರೂ ಇಲ್ಲ ಎಂಬುದೊಂದೇ ತಡೆ. ಮಗಳ ಪಾಸ್‌ಪೋರ್ಟ್ ತಯಾರಿತ್ತು. ಗ್ಲೆನ್‌ನನ್ನು ಯಾರೂ ಕರೆದಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಲ್ಲಿ ಎಂತ ಮಾಡ್ತಾನೆ?

ಇಲ್ಲಿ ಅವನು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಹೋಟೆಲಿನ ಕೆಲಸ ಬಿಟ್ಟ. ಬೇರೆ ಪಾತ್ರೆ, ಬೇರೆ ಚೂರಿ ಇಟ್ಟ. ಬಿಸ್ಕತ್ತಿನ ಪ್ಯಾಕೆಟಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಗೇರುಬೀಜ ಅರೆದು ಹಾಲು ಮಾಡಿದ. ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವವನೂ ಅವನೇ, ಒಬ್ಬನೇ. ಆರು ವರ್ಷ. ಅದೆಲ್ಲ ಈಗ ಒಂದು ತುಂಡಿನಲ್ಲಿ ಹೋಯಿತು.

"ಅಲರ್ಜಿಯ ಸೂಜಿ ಎಲ್ಲಿ?" ಟಾನ್ಯಾ ಮಗಳ ನಾಡಿ ಹಿಡಿದುಕೊಂಡೇ ಕೇಳಿದಳು.

ಗ್ಲೆನ್ ಅಲುಗಲಿಲ್ಲ. ಅವಳೇ ಒಳಗೆ ಹೋಗಿ ಕಪಾಟಿನಿಂದ ತುರ್ತಿನ ಪೆಟ್ಟಿಗೆ ತಂದಳು. ಮದ್ದಿನ ಸೀಸೆಯನ್ನು ಬೆಳಕಿಗೆ ಹಿಡಿದಳು. ಮುಖ ಬಿಳಿಚಿತು.

"ಇದರ ಡೇಟು ಹೋಗಿ ವರ್ಷ ಕಳೆಯಿತು ಗ್ಲೆನ್!"

"ಮರೆತುಹೋಯ್ತು."

"ಮರೆತದ್ದಾ? ನೀನಾ?"

"ನೋಡಿ, ಎಂಟನೇ ಕ್ಲಾಸಿನ ಡಾಕ್ಟರ್!" ಹಿಂದಿನಿಂದ ನೆಂಟರಲ್ಲೊಬ್ಬರಾದ ಸಿಂಥಿಯಾ ಆಂಟಿ ಕುಟುಕಿದರು.

ಟಾನ್ಯಾಳ ಅಣ್ಣ ಡೆನಿಸ್ ಕೀ ಹಿಡಿದು ಎದ್ದ. "ಆಸ್ಪತ್ರೆಗೆ ಹೋಗುವ, ಕಾರು ತೆಗೀತೇನೆ."

"ಯಾವ ಆಸ್ಪತ್ರೆಯೂ ಬೇಡ! ನನ್ನ ಮಗಳನ್ನು ನಾನು ನೋಡಿಕೊಳ್ತೇನೆ. ಇಷ್ಟು ವರ್ಷ ನೋಡಿದವನು ನಾನು, ನೀವಲ್ಲ!" ಗ್ಲೆನ್ ಆಂಡ್ರಿಯಾಳನ್ನು ಎತ್ತಿ ಎದೆಗವಚಿಕೊಂಡ.

"ಹುಚ್ಚಾ ನಿನಗೆ? ಡೆನಿಸ್, ನೀನು ಕಾರು ತೆಗಿ." ಟಾನ್ಯಾ ಗದರಿದಳು.

ಓಣಿಯ ತುಂಬ ನೆಂಟರ ಗಾಡಿಗಳು. ಡೆನಿಸ್ ಒಬ್ಬೊಬ್ಬರನ್ನೇ ಕೂಗಿ ಕರೆದು ಗಾಡಿ ತೆಗೆಸತೊಡಗಿದ. ಟಾನ್ಯಾ ಗಡಿಯಾರ ನೋಡುತ್ತಿದ್ದಳು, ಗ್ಲೆನ್ ಮಗಳ ತುಟಿ ನೋಡುತ್ತಿದ್ದ. ಐದು ನಿಮಿಷ. ಹತ್ತು. ತುಟಿ ಊದಲಿಲ್ಲ. ಕುತ್ತಿಗೆಯಲ್ಲಿ ಒಂದು ಗುಳ್ಳೆ ಏಳಲಿಲ್ಲ. ಒಂದು ಕೆಮ್ಮು ಕೂಡ ಇಲ್ಲ. ನಿಮಿಷ ಕಳೆದಂತೆ ಗ್ಲೆನ್ ಮಗಳನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

"ಡ್ಯಾಡಿ, ಅದು ಎಷ್ಟು ರುಚಿ! ಇನ್ನೊಂದು ಪೀಸ್ ಸಿಗ್ತದಾ?"

ಗ್ಲೆನ್ ಮೇಜಿಗೆ ಒದ್ದ. ಎರಡು ಕೇಕೂ ನೆಲಕ್ಕೆ ಬಿದ್ದವು.

"ಮೋಸ ಮಾಡಿದಿರಿ! ತಾಯಿ ಮಗಳು ಸೇರಿ ಮಾಡಿದ್ದು ಇದು! ನನ್ನ ಬೆನ್ನ ಹಿಂದೆ!"

ವಿನಿಫ್ರೆಡ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ದೇವರಾಣೆ ಇಲ್ಲ ಮಗಾ. ನಾಳೆಯಿಂದ ಈ ಮನೆಗೆ ಕಾಲಿಡುವುದಿಲ್ಲ. ಮಗು ಉಳಿದರೆ ಸಾಕು."

ಟಾನ್ಯಾ ಅಮ್ಮನನ್ನು ನೋಡಿದಳು. ಗಂಡನನ್ನು ನೋಡಿದಳು. ಫೋನ್ ತೆಗೆದಳು.

"ಯಾರಿಗೆ?"

"ಡಾಕ್ಟರಿಗೆ. ದಾರಿಯಲ್ಲಿ ಎಂತ ಮಾಡಬೇಕು ಅಂತ ಕೇಳ್ತೇನೆ."

"ಇವತ್ತು ಭಾನುವಾರ. ಅವರು ತೆಗೆಯುವುದಿಲ್ಲ. ಇಡು ಅದನ್ನು. ಇಡು ಅಂದೆನಲ್ಲ!"

ಅವನು ಕೈ ಚಾಚಿದ. ಅವಳು ಹಿಂದೆ ಸರಿದು ಸ್ಪೀಕರ್ ಒತ್ತಿದಳು. ಕೊಡಿಯಾಲ್‌ಬೈಲಿನ ಮಕ್ಕಳ ಡಾಕ್ಟರ್ ಶಶಿಪ್ರಭಾ ಎರಡನೇ ರಿಂಗಿಗೇ ಎತ್ತಿದರು. ಟಾನ್ಯಾ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಕೇಕಿಗೆ ಯಾಕಮ್ಮ ಇಷ್ಟು ಹೆದರಿಕೆ? ಅವಳಿಗೆ ಅಲರ್ಜಿ ಪೂರ್ತಿ ಹೋಗಿದೆ, ಇನ್ನು ಹಾಲು ಕೊಡಬಹುದು ಅಂತ ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದೇನಲ್ಲ. ಖುಷಿಯಲ್ಲಿ ಗ್ಲೆನ್ ನನ್ನೆದುರಿಗೇ ಕೂತು ಅತ್ತದ್ದು ಈಗಲೂ ನೆನಪುಂಟು."