ಎಷ್ಟೇ ಸಣ್ಣ ಅನುಮಾನ

"ನಿಮ್ಮಮ್ಮ ಎಷ್ಟೇ ಸಣ್ಣ ಅನುಮಾನ ಎತ್ತಲಿ, ನಮ್ಮ ಹತ್ರ ಉತ್ತರ ರೆಡಿ ಇರಬೇಕು."

ಕೋಣೆಯೊಳಗಿನಿಂದ ಸಚಿನ್‌ನ ಈ ಮಾತು ಕಿವಿಗೆ ಬಿದ್ದದ್ದೇ ರೇಣುಕಾ ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಳು. ಮಗಳು ಪ್ರೇರಣಾ ಕಿಸಕ್ಕನೆ ನಕ್ಕಳು. ಕ್ಯಾಲ್ಕುಲಸ್‌ನಲ್ಲಿ ನಗುವಂಥದ್ದೇನಿದೆ? ಕಲ್ಕತ್ತೆಯ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಈ ಬೆಂಗಳೂರು ಹುಡುಗ ಪ್ರತಿ ಶನಿವಾರ ಟಾಲಿಗಂಜ್‌ನಿಂದ ಮೆಟ್ರೋ ಹತ್ತಿ, ಡಮ್ ಡಮ್‌ನ ಇವರ ಮನೆಗೆ ಬಂದು ಪುಕ್ಕಟೆ ಪಾಠ ಹೇಳತೊಡಗಿದಾಗಿನಿಂದ ಅವಳ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಹಾಗೆಂದು ಓಡಿಸುವಂತೆಯೂ ಇಲ್ಲ. ಗಣಿತದಲ್ಲಿ ಒಮ್ಮೆ ಡುಮ್ಕಿ ಹೊಡೆದ ಮಗಳಿಗೆ ಮತ್ತೆ ಪರೀಕ್ಷೆ ಹತ್ತಿರ ಬಂದಿತ್ತು, ತಲೆಗೆ ಹತ್ತುತ್ತಿದ್ದದ್ದು ಇವನೊಬ್ಬನ ಪಾಠ.

"ಯಾವ ಅನುಮಾನಪಾ ಅದು?" ಎನ್ನುತ್ತಾ ಒಳಗೆ ಬಂದಳು. ಧಾರವಾಡದ ಗಂಟಲು ಕಲ್ಕತ್ತೆಗೆ ಬಂದು ಇಷ್ಟು ವರ್ಷವಾದರೂ ಮೆತ್ತಗಾಗಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸಚಿನ್ ದಡಬಡಿಸಿ ಎದ್ದ. "ಲಿಮಿಟ್ ಹೇಳಿಕೊಡ್ತಿದ್ದೆ ಆಂಟಿ! ಈಗ ನಿಮಗೆ ರೊಟ್ಟಿ ಒಂದು ಗೇಣು ಅಗಲ ಬರಬೇಕು. ಒಂದು ಬೆರಳು ಹೆಚ್ಚುಕಮ್ಮಿ ಆದ್ರೂ ಸರಿ ಅಂತೀರಾ. ಹಾಗಾದ್ರೆ ಹಿಟ್ಟಿನ ಉಂಡೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ನಾನು ಹೇಳಬೇಕು. ನೀವು 'ಊಹೂಂ, ಕೂದಲೆಳೆಯಷ್ಟೇ' ಅಂದ್ರೆ ಉಂಡೆಗೂ ಅಷ್ಟೇ ಬಿಗಿ ಅಳತೆ ಕೊಡಬೇಕು. ನೀವು ಎಷ್ಟು ಬಿಗಿ ಮಾಡಿದ್ರೂ ನನ್ನ ಹತ್ರ ಅಳತೆ ಇದ್ರೆ, ಆ ಒಂದು ಗೇಣೇ ಲಿಮಿಟ್. ಕೇಳೋರು ಅನುಮಾನದೋರೇ ಆಗಿರಬೇಕು, ಇಲ್ದಿದ್ರೆ ಲೆಕ್ಕ ನಡೆಯಲ್ಲ."

"ಇಟ್ಸ್ ಜಸ್ಟ್ ಮ್ಯಾಥ್ಸ್, ಮಮ್ಮಿ. ಶಕ್ ಮತ್ ಕರೋ," ಎಂದಳು ಪ್ರೇರಣಾ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ಹಿಂದಿ, ಇಂಗ್ಲಿಷ್.

ರೇಣುಕಾ ಟ್ರೇ ಕೆಳಗಿಟ್ಟಳು. ಇವತ್ತು ಇವನ ಲಿಮಿಟ್ ನೋಡಿಯೇ ಬಿಡುವುದೆಂದು ನಿಶ್ಚಯಿಸಿದಳು.

"ಇಷ್ಟು ದೂರ ಯಾಕ ಬರ್ತಿ?"

"ಕನ್ನಡ ಮಾತಾಡೋಕೆ ಇಲ್ಲಿ ಇನ್ಯಾರಿದಾರೆ, ಆಂಟಿ?"

"ಹೊಸಾ ಅಂಗಿ ಯಾಕ?"

"ಹಳೇವೆಲ್ಲ ಒಗೆಯೋಕೆ ಹಾಕಿದೀನಿ."

"ಸೆಂಟ್ ಯಾಕ ಹೊಡಕೊಂಡೀ?"

ಸಚಿನ್ ಬಾಯಿ ತೆರೆಯುವಷ್ಟರಲ್ಲಿ ಪ್ರೇರಣಾ ಹೇಳಿಬಿಟ್ಟಳು: "ಮೆಟ್ರೋದಲ್ಲಿ ತುಂಬಾ ರಶ್ ಇರತ್ತಲ್ಲಮ್ಮಾ, ಬೆವರು ವಾಸನೆ ಬರತ್ತೆ."

ರೇಣುಕಾಗೆ ಸಿಟ್ಟು ಬರಲಿಲ್ಲ. ಚಹಾದ ಕಪ್ಪನ್ನು ಸಚಿನ್‌ನ ಮುಂದೆ ಸರಿಸಿದಳು.

"ಉತ್ತರ ಬರೊಬ್ಬರಿ ಅದ," ಎಂದಳು ಮಗಳನ್ನೇ ನೋಡುತ್ತಾ. "ಆದ್ರ ನಮ್ಮನ್ಯಾಗ ಯಾರೂ 'ಇರತ್ತೆ, ಬರತ್ತೆ' ಅನ್ನೂದಿಲ್ಲ. ಇದು ಯಾವ ಶನಿವಾರದ ಪಾಠ?"