ನಾಳೆಯಮ್ಮ

"ಅಮ್ಮನವರನ್ನ ನಾವು ಪ್ರೀತಿಯಿಂದ ಏನಂತ ಕರೀತಿದ್ವಿ ಗೊತ್ತಾ? ನಾಳೆಯಮ್ಮ," ಎಂದು ಮೈಕಿನ ಮುಂದೆ ಅಧಿಕಾರಿ ಗದ್ಗದಿತನಾದ. "ಯಾಕೆಂದ್ರೆ ಅವರ ಕಣ್ಣು ಯಾವತ್ತೂ ಸಮಾಜದ ನಾಳೆಗಳ ಮೇಲೇ ಇರ್ತಿತ್ತು."

ಮುಂದಿನ ಸಾಲಿನಲ್ಲಿ ಕೂತಿದ್ದ ಮೊಮ್ಮಗಳಿಗೆ ನಗು ಉಕ್ಕಿ ಬಂತು. ಅಜ್ಜಿಯ ಸಂತಾಪ ಸಭೆಯಲ್ಲೇ ನಕ್ಕರೆ ಹೇಗೆಂದು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ಅಳು ತಡೆಯಲಾಗುತ್ತಿಲ್ಲ ಎಂದುಕೊಂಡ ಪಕ್ಕದ ಗುಮಾಸ್ತ ಓಡಿಹೋಗಿ ನೀರಿನ ಬಾಟಲಿ ತಂದುಕೊಟ್ಟ. ಇದೇ ಕಚೇರಿಗೆ ಅಜ್ಜಿ ಹದಿನಾರು ವರ್ಷ ಓಡಾಡಿದ್ದಳು. ಬಿಸಿಲಲ್ಲಿ ನಡೆದು ಬಂದ ಮುದುಕಿಗೆ ಒಂದು ಲೋಟ ನೀರು ಕೊಟ್ಟ ಪುಣ್ಯಾತ್ಮ ಇಲ್ಲಿ ಒಬ್ಬನೂ ಇರಲಿಲ್ಲ.

ನಾಳೆಯಮ್ಮನಂತೆ, ಸಮಾಜದ ನಾಳೆಗಳಂತೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಓದು ಬಾರದವರನ್ನು, ಗಂಡ ಮನೆಯಿಂದ ಆಚೆ ಹಾಕಿದವರನ್ನು, ಕಾಗದ ಕಂಡರೆ ನಡುಗುವವರನ್ನು ಅಜ್ಜಿ ಕೈಹಿಡಿದು ಇಲ್ಲಿಗೆ ಕರೆತರುತ್ತಿದ್ದಳು. ಅಧಿಕಾರಿ ತಲೆ ಎತ್ತದೆ "ನಾಳೆ ಬನ್ನಿ" ಎನ್ನುತ್ತಿದ್ದ. ಊರಿಗೆಲ್ಲ ಅದರ ಅರ್ಥ ಗೊತ್ತು: ಬರಲೇಬೇಡಿ. ಅಜ್ಜಿಗೆ ಮಾತ್ರ ನಾಳೆ ಅಂದರೆ ನಾಳೆಯೇ. ಮರುದಿನ ಬಾಗಿಲು ತೆರೆಯುವ ಮೊದಲೇ ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದಳು. "ನಾಳೆ ಬಾ ಅಂದ್ರೆ ದೆವ್ವಾನೂ ವಾಪಸ್ ಹೋಗುತ್ತೆ, ಈ ಮುದುಕಿ ಹೋಗಲ್ಲವಲ್ಲ ಮಾರಾಯ್ರೇ," ಎಂದು ಹಲ್ಲು ಕಡಿಯುತ್ತಿದ್ದವನು ಈಗ ನೀರು ತಂದುಕೊಟ್ಟ ಇದೇ ಗುಮಾಸ್ತ. ದಿನಾ ಬೆಳಿಗ್ಗೆ ಒಳಗೆ ಇಣುಕಿ, "ಸಾರ್, ನಾಳೆ ಬಂತು," ಎಂದು ಸುದ್ದಿ ಮುಟ್ಟಿಸುತ್ತಿದ್ದವನೂ ಇವನೇ. ಕೊನೆಗೊಂದು ದಿನ ಪೀಡೆ ತೊಲಗಲಿ ಎಂದು ಅಧಿಕಾರಿ ಸಹಿ ಗೀಚುತ್ತಿದ್ದ. ಅಜ್ಜಿ ಅದನ್ನೆಲ್ಲ ಮನೆಯಲ್ಲಿ ಅಭಿನಯ ಮಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮರುದಿನ ಅದೇ ಬಟ್ಟೆಯ ಚೀಲ ಹೆಗಲಿಗೇರಿಸಿ, ಇನ್ನೊಬ್ಬರ ಕೈಹಿಡಿದು ಹೊರಡುತ್ತಿದ್ದಳು.

ಬಾಗಿಲ ಹತ್ತಿರ ಗುಸುಗುಸು ಕೇಳಿ ಮೊಮ್ಮಗಳು ತಿರುಗಿ ನೋಡಿದಳು. ಅಜ್ಜಿಯ ಬೀದಿಯ ಇಸ್ತ್ರಿ ಅಂಗಡಿಯವಳು. ಜವಾನ ಅವಳಿಗೆ ಅಡ್ಡ ನಿಂತಿದ್ದ.

"ಇವತ್ತು ಕಾರ್ಯಕ್ರಮ ಕಣಮ್ಮಾ. ನಾಳೆ ಬಾ ಹೋಗು."

ಮೊಮ್ಮಗಳು ಎದ್ದು ಹೋದಳು. ಇಸ್ತ್ರಿಯವಳು ಮಡಚಿದ ಅರ್ಜಿಯನ್ನು ಬಿಡಿಸಿದಳು. ಅದರ ಮೇಲೆ ಅಜ್ಜಿಯ ಗುಂಡು ಅಕ್ಷರ.

"ಮಗಳಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿದೆ ತಾಯೀ. ಇಲ್ಲೇ ವಾಸ ಇದೀವಿ ಅಂತ ಸಾಹೇಬ್ರು ಒಂದು ಸಹಿ ಹಾಕ್ಬೇಕು, ಅಷ್ಟೇ. ಇದಕ್ಕೇಂತ ಅಜ್ಜಿ ಹನ್ನೊಂದು ಸಲ ಬಂದಿದ್ರು. ನಾಳೆ ಸಾಯಂಕಾಲದ ಒಳಗೆ ಕೊಡದೇ ಇದ್ರೆ ಸೀಟು ಬೇರೆಯವರಿಗೆ."

ಆ ಹೊತ್ತಿಗೆ ಬೆಂಚಿನ ಮೇಲ್ಗಡೆ ಗೋಡೆಗೆ ಅಜ್ಜಿಯ ದೊಡ್ಡ ಫೋಟೋ ಏರಿತ್ತು. ಚಪ್ಪಾಳೆ ಮುಗಿದು ಬಿಸ್ಕತ್ತಿನ ತಟ್ಟೆ ಬಂದಿತ್ತು. ಮೊಮ್ಮಗಳು ಅರ್ಜಿ ಹಿಡಿದು ಅಧಿಕಾರಿಯ ಮುಂದೆ ನಿಂತಳು.

"ಅಜ್ಜಿ ಬಿಟ್ಟುಹೋದ ಕೆಲಸ ಸಾರ್. ಒಂದೇ ಒಂದು ಸಹಿ."

"ಛೆ ಛೆ, ಇವತ್ತಾ?" ಅಧಿಕಾರಿ ತುಟಿಯ ಮೇಲಿನ ಬಿಸ್ಕತ್ತಿನ ಪುಡಿ ಒರೆಸಿಕೊಂಡ. "ಅಮ್ಮನವರ ಗೌರವಾರ್ಥ ಇವತ್ತು ಯಾರೂ ಒಂದು ಫೈಲೂ ಮುಟ್ಟಬಾರದು ಅಂತ ನಾನೇ ಸುತ್ತೋಲೆ ಹೊರಡಿಸಿದೀನಿ ಕಣಮ್ಮ. ನಾಳೆ ಬನ್ನಿ."

ಅಜ್ಜಿಗೆ ಗೌರವ ಸಲ್ಲಿಸುವುದಕ್ಕೆ ಕೆಲಸ ನಿಲ್ಲಿಸಿದ್ದಾರೆ! ಮೊಮ್ಮಗಳ ಮೈ ಉರಿಯಿತು. ಬಾಯಿ ತುಂಬ ಬೈಯಬೇಕೆಂದು ಹೊರಟವಳಿಗೆ ತನ್ನದೇ ಮಾತು ನೆನಪಾಯಿತು. ಮೂರು ವಾರದ ಹಿಂದೆ ಆಸ್ಪತ್ರೆಯಿಂದ ಅಜ್ಜಿ ಫೋನ್ ಮಾಡಿ, "ಒಂದು ಗಳಿಗೆ ಬಂದು ಹೋಗೇ, ನಿನ್ನ ಹತ್ರ ಒಂದು ಅರ್ಜಿ ವಿಷಯ ಹೇಳೋದಿದೆ," ಎಂದಿದ್ದಳು. ಹೊಲಿಗೆ ಮಿಷನ್ನಿನಿಂದ ಕಾಲು ತೆಗೆಯದೆ, "ಕೈ ತುಂಬ ಕೆಲಸ ಅಜ್ಜಿ, ನಾಳೆ ಬರ್ತೀನಿ," ಎಂದು ಹೋಗದೇ ಉಳಿದವಳು ಇವಳೇ. ಈ ಮನುಷ್ಯನಿಗೂ ತನಗೂ ಏನು ಮಹಾ ವ್ಯತ್ಯಾಸ ಎಂದು ತನ್ನ ಮೇಲೇ ಅಸಹ್ಯವಾಯಿತು.

"ನಾಳೆ ಎಷ್ಟು ಗಂಟೆಗೆ ಸಾರ್?"

"ಅಯ್ಯೋ, ಥೇಟ್ ಅಜ್ಜಿ ಥರಾನೇ ಕೇಳ್ತೀರಲ್ಲ," ಎಂದು ಅಧಿಕಾರಿ ನಕ್ಕು, ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದ.

ಮರುದಿನ ಮೊಮ್ಮಗಳು ಹೊಲಿಗೆ ಅಂಗಡಿಯ ಬಾಗಿಲು ತೆಗೆಯಲೇ ಇಲ್ಲ. ಗುಮಾಸ್ತ ಕಚೇರಿಗೆ ಬಂದಾಗ ಅವಳು ಅಜ್ಜಿಯ ಬಟ್ಟೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಇಸ್ತ್ರಿಯವಳು, ಅವಳ ಕೈ ಇವಳ ಕೈಯಲ್ಲಿ. ಗುಮಾಸ್ತ ಗೋಡೆಯ ಮೇಲಿನ ಮುಖ ನೋಡಿದ, ಕೆಳಗಿನ ಮುಖ ನೋಡಿದ. ಅದೇ ಮೂಗು, ಅದೇ ಕೂತ ಗತ್ತು. ಸಾಹೇಬರ ಕೋಣೆಗೆ ಹೋಗಿ ಇಣುಕಿದ.

"ಸಾರ್, ನಾಳೆ ಬಂತು."

"ಏನ್ರೀ ತಮಾಷೆ ಮಾಡ್ತೀರಾ? ಅದನ್ನ ನಿನ್ನೆ ತಾನೇ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ವಲ್ರೀ."

"ಹೌದು ಸಾರ್," ಎಂದ ಗುಮಾಸ್ತ. "ಇಳಿದು ಬಂದು ಬೆಂಚಿನ ಮೇಲೆ ಕೂತಿದೆ."